ಮಂತ್ರಿಯಾಗದ ಶಾಸಕರೊಬ್ಬರ ಜೀವನ ಬರೆದದ್ದು: ನನ್ನ ಅನುಭವ

ನಮ್ಮ ಕಲಬುರಗಿ ಭಾಗದ ದೊಡ್ಡ ರಾಜಕಾರಣಿಗಳ ಬಗ್ಗೆ ಬರಹಕ್ಕೆ ಕೊರತೆ ಇಲ್ಲ. ಚಿಂಚೋಳಿಯ ವೀರೇಂದ್ರ ಪಾಟೀಲರು 1968ರಲ್ಲಿ ಒಮ್ಮೆ, 1989ರಲ್ಲಿ ಇನ್ನೊಮ್ಮೆ ಮುಖ್ಯಮಂತ್ರಿಯಾದರು. ಜೇವರ್ಗಿಯ ಧರ್ಮಸಿಂಗ್ 2004ರಲ್ಲಿ ಆದರು. ಮಲ್ಲಿಕಾರ್ಜುನ ಖರ್ಗೆಯವರು ಯಾರು ಅಂತ ಯಾರಿಗೂ ಹೇಳಬೇಕಿಲ್ಲ. ಆದರೆ ಒಂದೆರಡು ಸಲ ಗೆದ್ದು, ಮಂತ್ರಿಯಾಗದೆ, ಕ್ಷೇತ್ರಕ್ಕಾಗಿ ದುಡಿದು ತೀರಿಹೋದವರ ಗತಿ ಏನು? ಅವರದೇ ಊರಿನ ಹುಡುಗರಿಗೆ ಅವರ ಹೆಸರು ಗೊತ್ತಿಲ್ಲ. ಅಂಥ ಒಬ್ಬರ ಜೀವನ ನಾನು ಬರೆದೆ. ಮನೆಯವರಿಗೆ ಪ್ರಚಾರ ಬೇಡವಾದ್ದರಿಂದ ಅವರ ಹೆಸರು ಇಲ್ಲಿ ಹಾಕುವುದಿಲ್ಲ. ಕೆಲಸ ಹೇಗೆ ಮಾಡಿದೆ ಅನ್ನೋದನ್ನಷ್ಟೇ ಹೇಳುತ್ತೇನೆ. ನಿಮ್ಮ ತಾಲೂಕಿನಲ್ಲೂ ಇಂಥವರು ಇದ್ದೇ ಇರುತ್ತಾರೆ.

ಮೊದಲು ಚುನಾವಣಾ ಫಲಿತಾಂಶ ನೋಡಿದೆ. ಇದು ಸುಲಭ. ಚುನಾವಣಾ ಆಯೋಗದ ವರದಿಗಳಲ್ಲಿ ಅಭ್ಯರ್ಥಿ, ಪಕ್ಷ, ಮತ ಎಲ್ಲ ಸಿಗುತ್ತದೆ. ಆದರೆ 'ಎರಡು ಸಲ ಶಾಸಕ' ಅಂದ ಕೂಡಲೇ ಹತ್ತು ವರ್ಷ ಅಂತ ಲೆಕ್ಕ ಹಾಕಬಾರದು. 1983ರ ವಿಧಾನಸಭೆಯನ್ನೇ ನೋಡಿ. ಲೋಕಸಭೆ ಚುನಾವಣೆಯಲ್ಲಿ ತಮ್ಮ ಪಕ್ಷ ಸೋತಿತು ಅಂತ ಆಗಿನ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ವಿಸರ್ಜನೆಗೆ ಹೋದರು. 1985ರ ಮಾರ್ಚ್‌ನಲ್ಲಿ ಮತ್ತೆ ಚುನಾವಣೆ. ಆ ಸಲ ಗೆದ್ದವರಿಗೆ ಸಿಕ್ಕಿದ್ದು ಸುಮಾರು ಎರಡೇ ವರ್ಷ. ಹೊಸದಾಗಿ ಬಂದವರಿಗೆ ಸದನದ ರೀತಿನೀತಿ ಕಲಿಯುವಷ್ಟರಲ್ಲಿ ಅವಧಿ ಮುಗಿದಿತ್ತು. ನಾನು ಬರೆದ ಶಾಸಕರ, ಅಂದರೆ ನಮ್ಮ ಸಾಹೇಬರ, ಒಂದು ಅವಧಿ ಇದೇ. ಇದು ಗೊತ್ತಿಲ್ಲದೆ 'ಎರಡನೇ ಸಲ ಏನೂ ಮಾಡಲಿಲ್ಲ' ಅಂತ ಬರೆದರೆ ಅನ್ಯಾಯ, ಅಲ್ವಾ?

ಕ್ಷೇತ್ರದ ನಕ್ಷೆಯನ್ನೂ ಪಕ್ಕದಲ್ಲಿ ಇಟ್ಟುಕೊಳ್ಳಬೇಕು. 2008ರ ಮರುವಿಂಗಡಣೆಯಲ್ಲಿ ನಮ್ಮ ಜಿಲ್ಲೆಯ ಶಹಾಬಾದ್, ಕಮಲಾಪುರ ಕ್ಷೇತ್ರಗಳೇ ಇಲ್ಲವಾದವು. ವೀರೇಂದ್ರ ಪಾಟೀಲರ ಚಿಂಚೋಳಿ ಮೀಸಲು ಕ್ಷೇತ್ರವಾಯಿತು. 1972ರಿಂದ ಗುರುಮಠಕಲ್‌ನಲ್ಲಿ ಸತತ ಎಂಟು ಸಲ ಗೆದ್ದಿದ್ದ ಖರ್ಗೆಯವರು ತಮ್ಮ ಒಂಬತ್ತನೇ ಗೆಲುವನ್ನು ಚಿತ್ತಾಪುರದಲ್ಲಿ ಪಡೆದರು. ಈಗಿನ ನಕ್ಷೆ ಹಿಡಿದು ಹಳೇ ಶಾಸಕರ ಹಳ್ಳಿಗಳನ್ನು ಹುಡುಕಿದರೆ ಅರ್ಧ ಸಿಗುವುದಿಲ್ಲ. ಇನ್ನೊಂದು ಮಾತು. ಊರಿನ ಹೆಸರು 2014ರಲ್ಲೇ ಕಲಬುರಗಿ ಆಯಿತು. ಆದರೆ ಹಳೇ ಕಾಗದಗಳಲ್ಲಿ ಇರುವುದು ಗುಲ್ಬರ್ಗಾ. ಹುಡುಕುವಾಗ ಎರಡೂ ಹೆಸರು ಬಳಸಿ.

ನಿಜವಾದ ಕೆಲಸ ಶುರುವಾಗುವುದು ಸದನದ ಕಲಾಪದಲ್ಲಿ. ವಿಧಾನಮಂಡಲದ ಗ್ರಂಥಾಲಯದಲ್ಲಿ ಹಳೇ ಚರ್ಚೆಗಳ ಸಂಪುಟಗಳು ಇವೆ. ಶಾಸಕರ ಜೀವನ ಬರೆಯುವವರು ಇವನ್ನು ಓದದೆ ಬರೆಯಲೇಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಭಾಷಣ ಯಾರು ಬೇಕಾದರೂ ಮಾಡುತ್ತಾರೆ. ನಾನು ಮೊದಲು ಹುಡುಕುವುದು ಪ್ರಶ್ನೆಗಳನ್ನು.

ಪ್ರಶ್ನೆಗಳಲ್ಲಿ ಎರಡು ಬಗೆ. ಚುಕ್ಕೆ ಗುರುತಿನ ಪ್ರಶ್ನೆಗೆ ಮಂತ್ರಿ ಸದನದಲ್ಲಿ ಎದ್ದು ನಿಂತು ಉತ್ತರ ಕೊಡಬೇಕು. ಚುಕ್ಕೆ ಇಲ್ಲದ ಪ್ರಶ್ನೆಗೆ ಲಿಖಿತ ಉತ್ತರ ಬರುತ್ತದೆ. ಚುಕ್ಕೆ ಪ್ರಶ್ನೆಯ ಬೆನ್ನಿಗೆ ಶಾಸಕರು ಉಪ ಪ್ರಶ್ನೆ ಕೇಳಬಹುದು. ಮೊದಲ ಪ್ರಶ್ನೆಯನ್ನು ಬೇರೆಯವರು ಬರೆದುಕೊಟ್ಟಿರಬಹುದು. ಉಪ ಪ್ರಶ್ನೆ ಮಾತ್ರ ಅಲ್ಲೇ, ಆ ಕ್ಷಣಕ್ಕೆ ಹುಟ್ಟಬೇಕು. ವಿಷಯ ಗೊತ್ತಿದ್ದವರಿಗೆ ಮಾತ್ರ ಅದು ಸಾಧ್ಯ. ನಮ್ಮ ಸಾಹೇಬರು ಕಾಗಿಣಾ ದಂಡೆಯ ಹಳ್ಳಿಗಳಿಗೆ ಸೇತುವೆ ಕೇಳಿದ್ದರು. ಪರಿಶೀಲನೆಯಲ್ಲಿದೆ ಅಂತ ಮಂತ್ರಿಗಳು ಹೇಳಿದರು. ಸಾಹೇಬರು ಬಿಡಲಿಲ್ಲ. ಮಳೆಗಾಲದಲ್ಲಿ ಬಾಣಂತಿಯರನ್ನು ಹೊಳೆ ದಾಟಿಸುವುದು ಹೇಗೆ, ಆ ಹಳ್ಳಿ ಮಕ್ಕಳು ಹೈಸ್ಕೂಲಿಗೆ ಎಲ್ಲಿಗೆ ಹೋಗಬೇಕು ಅಂತ ಒಂದರ ಹಿಂದೆ ಒಂದು ಕೇಳಿದರು. ಆ ಪುಟ ಓದಿದಾಗ ನನಗೆ ಕಣ್ಣು ತುಂಬಿ ಬಂತು. ಆ ಹಳ್ಳಿಗಳಲ್ಲಿ ಕಾಲಿಟ್ಟು ನಡೆದವರಿಗೆ ಮಾತ್ರ ಹೊಳೆಯುವ ಪ್ರಶ್ನೆಗಳು ಅವು.

ಮಂತ್ರಿ ಸದನದಲ್ಲಿ ಮಾಡಿಕೊಡುತ್ತೇವೆ ಅಂದರೆ ಅದು ಗಾಳಿಗೆ ಹೋಗುವ ಮಾತಲ್ಲ. ಅಂಥ ಮಾತುಗಳ ಬೆನ್ನು ಹತ್ತಲು ಸರ್ಕಾರಿ ಭರವಸೆಗಳ ಸಮಿತಿ ಅಂತ ಒಂದು ಸಮಿತಿಯೇ ಇದೆ. ಸಮಿತಿಗಳ ವರದಿಗಳನ್ನೂ ತೆಗೆದು ನೋಡಿ. ಸದನದಲ್ಲಿ ಜಾಸ್ತಿ ಮಾತಾಡದ ಎಷ್ಟೋ ಶಾಸಕರು ಸಮಿತಿಗಳಲ್ಲಿ ಒಳ್ಳೆ ಕೆಲಸ ಮಾಡಿರುತ್ತಾರೆ. ಅಲ್ಲಿ ಗ್ಯಾಲರಿ ಇಲ್ಲ, ಪೇಪರಿನವರೂ ಇಲ್ಲ. ಹಾಗಾಗಿ ಜನರಿಗೆ ಅದು ಗೊತ್ತೇ ಆಗುವುದಿಲ್ಲ.

ಆಮೇಲೆ ಹಳ್ಳಿಗಳಿಗೆ ಹೋದೆ. ವಯಸ್ಸಾದವರನ್ನು ಮೊದಲು ಮಾತಾಡಿಸಿದೆ. ಅವರು ನಮ್ಮನ್ನು ಕಾಯುತ್ತಾ ಕೂತಿರುವುದಿಲ್ಲ. ಸಾಹೇಬರು ಏನು ಮಾಡಿದರು ಅಂತ ನೇರ ಕೇಳಿದರೆ ಬರೀ ಹೊಗಳಿಕೆ ಬರುತ್ತದೆ. ನಾನು ಬೇರೆ ಥರ ಕೇಳಿದೆ. ನಿಮ್ಮೂರಿಗೆ ಬಸ್ಸು ಯಾವಾಗ ಬಂತು? ಕರೆಂಟ್ ಯಾವಾಗ ಬಂತು? ಮೊದಲ ಬೋರ್ ಎಲ್ಲಿ ಹಾಕಿದರು? ಆಗ ಮಾತು ತಾನಾಗೇ ಹರಿಯುತ್ತದೆ. ಒಬ್ಬ ಅಜ್ಜ ಹೇಳಿದ್ದು ಹೀಗೆ: "ಸಾಹೇಬ್ರು ಬಂದ್ರ ಮೊದಲು ಹರಿಜನಕೇರಿಗಿ ಹೋಗ್ತಿದ್ರು ನೋಡ್ರಿ. ಆಮ್ಯಾಲ ಗೌಡ್ರ ಮನಿ. ಅದಕ್ಕ ಊರಾಗ ಸಿಟ್ಟೂ ಇತ್ತು." ಇಂಥ ಮಾತು ಯಾವ ಸರ್ಕಾರಿ ಕಾಗದದಲ್ಲೂ ಸಿಗುವುದಿಲ್ಲ.

ನೆನಪನ್ನು ಕಾಗದದ ಜೊತೆ ಹೋಲಿಸಿಯೇ ಬರೆಯಬೇಕು. ಇದಕ್ಕೆ ನನಗೆ ಜಾಸ್ತಿ ನೆರವಾದದ್ದು ಅಡಿಗಲ್ಲುಗಳು. ಶಾಲೆ, ದವಾಖಾನೆ, ನೀರಿನ ಟ್ಯಾಂಕು, ಸಮುದಾಯ ಭವನ, ಎಲ್ಲ ಕಡೆ ಗೋಡೆಯಲ್ಲಿ ಒಂದು ಕಲ್ಲು ಇರುತ್ತದೆ. ಶಂಕುಸ್ಥಾಪನೆಯ ಕಲ್ಲಿನಲ್ಲಿ ಒಬ್ಬರ ಹೆಸರು, ಉದ್ಘಾಟನೆಯ ಕಲ್ಲಿನಲ್ಲಿ ಇನ್ನೊಬ್ಬರ ಹೆಸರು ಇರುವುದು ಬಹಳ. ಓಡಾಡಿ ಮಂಜೂರು ಮಾಡಿಸಿದವರು ಒಬ್ಬರು, ಟೇಪು ಕತ್ತರಿಸಿದವರು ಮತ್ತೊಬ್ಬರು. ಜನರ ಬಾಯಲ್ಲಿ ಉಳಿಯುವುದು ಟೇಪು ಕತ್ತರಿಸಿದವರ ಹೆಸರು. ಎರಡೂ ಕಲ್ಲಿನ ಫೋಟೋ ತೆಗೆದು, ದಿನಾಂಕವನ್ನು ಸದನದ ಪ್ರಶ್ನೆಯ ದಿನಾಂಕದ ಪಕ್ಕ ಇಟ್ಟು ನೋಡಿ. ಕೆಲವು ಕಲ್ಲುಗಳ ಮೇಲೆ ಸುಣ್ಣ ಬಳಿದಿರುತ್ತಾರೆ. ಒದ್ದೆ ಬಟ್ಟೆಯಲ್ಲಿ ನಿಧಾನಕ್ಕೆ ಒರೆಸಿದರೆ ಅಕ್ಷರ ಕಾಣುತ್ತದೆ. ಹೆಡ್‌ಮಾಸ್ತರರನ್ನು ಕೇಳಿಯೇ ಒರೆಸಿ. 1987ರಲ್ಲಿ ಜಿಲ್ಲಾ ಪರಿಷತ್ತುಗಳು (ಈಗಿನ ಜಿಲ್ಲಾ ಪಂಚಾಯಿತಿಗಳ ಹಿಂದಿನ ರೂಪ) ಬಂದ ಮೇಲಿನ ಕೆಲಸಗಳಲ್ಲಿ ಪರಿಷತ್ ಸದಸ್ಯರ ಪಾಲೂ ಇರುತ್ತದೆ. ಅದನ್ನೂ ಶಾಸಕರ ಖಾತೆಗೇ ಹಾಕಬೇಡಿ.

ಸೋಲನ್ನೂ ಪೂರ್ತಿ ಬರೆಯಬೇಕು. ಮನೆಯವರು ಇಲ್ಲಿ ಸ್ವಲ್ಪ ಹಿಂಜರಿದರು. ನಾನು ಧರ್ಮಸಿಂಗರ ಉದಾಹರಣೆ ಕೊಟ್ಟೆ. ಮುಖ್ಯಮಂತ್ರಿಯಾಗಿ ಬಂದವರು, ಜೇವರ್ಗಿಯಲ್ಲಿ ದಶಕಗಳ ಕಾಲ ಸೋಲು ಕಾಣದವರು, 2008ರಲ್ಲಿ ನೂರಕ್ಕಿಂತ ಕಡಿಮೆ ಮತಗಳಿಂದ ಸೋತರು. ಮರುವರ್ಷ ಬೀದರ್‌ನಿಂದ ಲೋಕಸಭೆಗೆ ಹೋದರು. ಸೋಲು ಬರೆದದ್ದರಿಂದ ಅವರು ಸಣ್ಣವರಾಗಲಿಲ್ಲ. ಮನೆಯವರು ಒಪ್ಪಿದರು. ಸೋತ ಮೇಲೂ ಸಾಹೇಬರ ಮನೆಗೆ ಅರ್ಜಿ ಹಿಡಿದು ಬರುವವರು ನಿಲ್ಲಲಿಲ್ಲ ಅಂತ ಅವರ ಹೆಂಡತಿಯೇ ಹೇಳಿದ್ದು. ಬಂದವರಿಗೆಲ್ಲ ಊಟ ಹಾಕಿದ್ದು ಆ ತಾಯಿ. ಅವರ ಪಾಲಿಗೆ ಒಂದು ಇಡೀ ಅಧ್ಯಾಯ ಕೊಟ್ಟಿದ್ದೇನೆ.

ಈಗ ಇನ್ನೂ ಹಿಂದಿನವರ ಕಡೆ ಹೊರಟಿದ್ದೇನೆ. 1952ರಲ್ಲಿ ನಮ್ಮ ಕಲಬುರಗಿ, ಬೀದರ್ ಕಡೆಯಿಂದ ಗೆದ್ದವರು ಬೆಂಗಳೂರಿಗೆ ಹೋಗಲಿಲ್ಲ, ಹೈದರಾಬಾದ್ ವಿಧಾನಸಭೆಗೆ ಹೋದರು. 1956ರ ನವೆಂಬರ್ 1ರಂದು ನಾವು ಮೈಸೂರು ರಾಜ್ಯ ಸೇರಿದೆವು. ಹಾಗಾಗಿ ಆ ತಲೆಮಾರಿನವರ ಬದುಕು ಎರಡು ರಾಜಧಾನಿಗಳ ಕಪಾಟುಗಳಲ್ಲಿ ಹಂಚಿಹೋಗಿದೆ. ಹೈದರಾಬಾದಿನ ಕಾಗದ ಓದಲು ಉರ್ದು ಬೇಕು. ನಮ್ಮ ಓಣಿಯ ನಿವೃತ್ತ ಉರ್ದು ಮೇಷ್ಟ್ರ ಹತ್ತಿರ ದಿನಾ ಸಂಜೆ ಅಕ್ಷರ ಕಲಿಯುತ್ತಿದ್ದೇನೆ. ನಿಮ್ಮ ಮನೆಯಲ್ಲಿ ಆ ಕಾಲದ ಕರಪತ್ರ, ಪತ್ರ, ಫೋಟೋ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಫೋಟೋದಲ್ಲಿ ಇರುವವರ ಹೆಸರನ್ನು ಇವತ್ತೇ ಅದರ ಹಿಂದೆ ಪೆನ್ಸಿಲ್‌ನಲ್ಲಿ ಬರೆದಿಡಿ.