ಗೊಬ್ಬರದ ಅಮೋನಿಯಾ ಗಾಳಿಯ ಪಾಲಾಗದಂತೆ ತಡೆಯುವ ಬಗೆ

ಮನುಷ್ಯನ ಚಟುವಟಿಕೆಗಳಿಂದ ವಾತಾವರಣ ಸೇರುವ ಅಮೋನಿಯಾದಲ್ಲಿ ಶೇ. 80ಕ್ಕೂ ಹೆಚ್ಚಿನ ಪಾಲು ಬೇಸಾಯ ಮತ್ತು ಪಶುಪಾಲನೆಯದು. ವಾಹನ, ಕಾರ್ಖಾನೆಗಳ ಹೊಗೆಯಿಂದ ಉಂಟಾಗುವ ಗಂಧಕಾಮ್ಲ ಮತ್ತು ನೈಟ್ರಿಕ್ ಆಮ್ಲಗಳೊಡನೆ ಸಾರಜನಕವಿರುವ ಈ ಅನಿಲ ವರ್ತಿಸಿ, 2.5 ಮೈಕ್ರಾನ್‌ಗಿಂತ ಚಿಕ್ಕದಾದ ಅಮೋನಿಯಂ ಲವಣದ ಕಣಗಳಾಗಿ ಮಾರ್ಪಡುತ್ತದೆ. ಇವು ಹಲವು ದಿನ ಗಾಳಿಯಲ್ಲಿ ತೇಲುತ್ತ ನೂರಾರು ಕಿಲೋಮೀಟರ್ ಸಾಗಬಲ್ಲವು. ಉಸಿರಿನೊಡನೆ ಶ್ವಾಸಕೋಶದ ಆಳಕ್ಕೂ ಇಳಿಯುತ್ತವೆ. ಹೀಗಾಗಿ ಬೆಳೆಗೆಂದು ಕೊಟ್ಟ ಸಾರಜನಕವನ್ನು ಮಣ್ಣಿನಲ್ಲೇ ಉಳಿಸಿಕೊಳ್ಳುವುದು ರೈತನ ಲಾಭವಷ್ಟೇ ಅಲ್ಲ, ದೂರದಲ್ಲಿರುವವರ ಆರೋಗ್ಯದ ಪ್ರಶ್ನೆಯೂ ಹೌದು.

ಮೊದಲು ಯೂರಿಯಾದ ವಿಚಾರ. ಶೇ. 46ರಷ್ಟು ಸಾರಜನಕವಿರುವ ಈ ಗೊಬ್ಬರವನ್ನು ಮಣ್ಣಿನಲ್ಲಿರುವ ಯೂರಿಯೇಸ್ ಎಂಬ ಕಿಣ್ವ ಒಡೆಯುವಾಗ ಹರಳಿನ ಸುತ್ತಲಿನ ಮಣ್ಣು ಕ್ಷಾರೀಯವಾಗುತ್ತದೆ, ಕ್ಷಾರ ಹೆಚ್ಚಿದಷ್ಟೂ ಹೀಗೆ ಒಡೆದು ಬಂದ ಅಮೋನಿಯಂ ಅಮೋನಿಯಾ ಅನಿಲವಾಗಿ ಹಾರುವುದು ಸುಲಭವಾಗುತ್ತದೆ. ಹಸಿಯಾದ ನೆಲದ ಮೇಲೆ ಯೂರಿಯಾ ಎರಚಿ, ಬಿಸಿಲು ಗಾಳಿಗೆ ಬಿಟ್ಟು ಬರುವುದೇ ಅತಿ ಹೆಚ್ಚು ನಷ್ಟದ ದಾರಿ. ಅದರ ಬದಲು ಸಾಲಿನ ಪಕ್ಕ ಕೆಲವು ಅಂಗುಲ ಆಳದಲ್ಲಿ ಹಾಕಿ ಮಣ್ಣು ಮುಚ್ಚಬೇಕು. ಮೇಲುಗೊಬ್ಬರವಾಗಿ ಎರಚುವುದು ಅನಿವಾರ್ಯವಾದರೆ, ಹರಳು ಕರಗಿ ಬೇರಿನ ವಲಯಕ್ಕೆ ಇಳಿಯುವಷ್ಟು ನೀರನ್ನು ತಡಮಾಡದೆ ಹಾಯಿಸಬೇಕು. ಒಂದು ಹನಿಮಳೆಯನ್ನು ನಂಬಿಕೊಳ್ಳಬಾರದು, ಏಕೆಂದರೆ ಅದು ಯೂರಿಯಾವನ್ನು ಕರಗಿಸುತ್ತದೆಯೇ ಹೊರತು ಆಳಕ್ಕೆ ಒಯ್ಯುವುದಿಲ್ಲ. ಇವೆರಡೂ ಸಾಧ್ಯವಿಲ್ಲದ ಕಡೆ ಯೂರಿಯೇಸ್ ಪ್ರತಿರೋಧಕ (ಆ ಕಿಣ್ವದ ಕೆಲಸವನ್ನು ನಿಧಾನಗೊಳಿಸುವ ವಸ್ತು) ಲೇಪಿಸಿದ ಯೂರಿಯಾ ಬಳಸಬಹುದು.

ಕೊಟ್ಟಿಗೆಯಲ್ಲಿಯೂ ಇದೇ ರಸಾಯನಶಾಸ್ತ್ರ ನಡೆಯುತ್ತದೆ. ಗಂಜಲದಲ್ಲಿ ಯೂರಿಯಾ ಇರುತ್ತದೆ, ಅದನ್ನು ಒಡೆಯುವ ಕಿಣ್ವ ಸಗಣಿಯಲ್ಲಿರುತ್ತದೆ. ಎರಡೂ ಬೆರೆತಾಗಲೇ ಅಮೋನಿಯಾ ಹುಟ್ಟುತ್ತದೆ. ಆದ್ದರಿಂದ ನೆಲಕ್ಕೆ ಇಳಿಜಾರು ಕೊಟ್ಟು ಗಂಜಲ ಕೂಡಲೇ ಹರಿದುಹೋಗುವಂತೆ ಮಾಡಬೇಕು, ದಿನಕ್ಕೆ ಹಲವು ಸಲ ಸಗಣಿ ಬಾಚಬೇಕು. ಕೋಳಿ ಸಾಕಣೆಯಲ್ಲಿ ಹಾಸು ಒಣಗಿರುವುದು ಮುಖ್ಯ. ಕಿಟಕಿ ತೆರೆದು ವಾಸನೆ ಹೊರಹಾಕುವುದು ಪ್ರಾಣಿಗಳಿಗೆ ಅಗತ್ಯವೇ, ಆದರೆ ಅದರಿಂದ ಹೊರಸೂಸುವಿಕೆ ಕಡಿಮೆಯಾಯಿತೆಂದು ಭಾವಿಸುವುದು ತಪ್ಪು. ಮೇವಿನಲ್ಲಿ ಅಗತ್ಯ ಮೀರಿದ ಪ್ರೋಟೀನ್ ಇದ್ದರೆ ಆ ಸಾರಜನಕ ಗಂಜಲದಲ್ಲೇ ಹೊರಬರುವುದರಿಂದ, ಪಶುಆಹಾರ ತಜ್ಞರ ಸಲಹೆಯಂತೆ ಪ್ರಮಾಣವನ್ನು ಸರಿಪಡಿಸಬೇಕು.

ಸ್ಲರಿ, ಅಂದರೆ ಸಗಣಿ ಗಂಜಲ ಬೆರೆತ ದ್ರವಗೊಬ್ಬರದ ತೊಟ್ಟಿಗೆ ಬಿಗಿಯಾದ ಮುಚ್ಚಳ ಹಾಕಿದರೆ ಸಂಗ್ರಹಣೆಯ ಹಂತದ ನಷ್ಟದಲ್ಲಿ ಶೇ. 80ರಷ್ಟನ್ನು ತಡೆಯಬಹುದು. ಆದರೆ ಹೀಗೆ ಕಾಪಾಡಿದ್ದೆಲ್ಲವೂ ಹೊಲದಲ್ಲಿ ಒಂದೇ ಮಧ್ಯಾಹ್ನದಲ್ಲಿ ಹಾರಿಹೋಗಬಹುದು ಎಂಬುದನ್ನು ಮರೆಯಬಾರದು: ಹರಡಿದ ಮೊದಲ ಕೆಲವು ಗಂಟೆಗಳಲ್ಲೇ ನಷ್ಟ ತೀವ್ರವಾಗಿರುತ್ತದೆ. ತಂಪಾದ, ಗಾಳಿಯಿಲ್ಲದ ಹೊತ್ತಿನಲ್ಲಿ, ಎರಚುವ ಬದಲು ಕೊಳವೆಯಿಂದ ನೆಲಮಟ್ಟದಲ್ಲಿ ಪಟ್ಟಿಯಾಗಿ ಹರಿಸಿ, ಸಾಧ್ಯವಾದರೆ ಹಿಂದೆಯೇ ಕುಂಟೆ ಹೊಡೆದು ಮಣ್ಣಿಗೆ ಸೇರಿಸಬೇಕು. ಮರುದಿನ ಉಳುಮೆ ಮಾಡಿದರಾಯಿತು ಎಂಬ ಉದಾಸೀನ ಇಲ್ಲಿ ತುಂಬ ದುಬಾರಿ.

ಇಷ್ಟೆಲ್ಲ ಮಾಡಿದ ಮೇಲೆ ಗೊಬ್ಬರದ ಪ್ರಮಾಣವನ್ನು ಕಡಿಮೆ ಮಾಡಲೇಬೇಕು. ಉಳಿಸಿಕೊಂಡ ಸಾರಜನಕದ ಮೇಲೆ ಮೊದಲಿನಷ್ಟೇ ಗೊಬ್ಬರ ಸುರಿದರೆ, ಹೆಚ್ಚಾದದ್ದು ನೈಟ್ರೇಟ್ ಆಗಿ ಅಂತರ್ಜಲಕ್ಕೆ ಇಳಿಯುತ್ತದೆ ಇಲ್ಲವೇ ನೈಟ್ರಸ್ ಆಕ್ಸೈಡ್ ಆಗಿ ಮತ್ತೆ ವಾತಾವರಣ ಸೇರುತ್ತದೆ. ಮುಂದಿನ ಬಿತ್ತನೆಗೆ ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಸ್ಲರಿಯಿಂದ ದೊರೆತ ಸಾರಜನಕವನ್ನು ಲೆಕ್ಕದಲ್ಲಿ ಕಳೆದು, ಉಳಿದಷ್ಟಕ್ಕೆ ಮಾತ್ರ ರಾಸಾಯನಿಕ ಗೊಬ್ಬರ ತರಬೇಕು.