60 ಕಿಲೋಮೀಟರ್ ಒಳಗೇ ಮಾರಿದ ನಮ್ಮ ಸಾಮೆ, ಕೊರಲೆ

"ಬೆಂಗಳೂರಿಗೆ ಕಳಿಸದೆ ಸಿರಿಧಾನ್ಯದಲ್ಲಿ ದುಡ್ಡು ಹುಟ್ಟಲ್ಲ" ಎಂದು ನನಗೆ ಬುದ್ಧಿ ಹೇಳದವರೇ ಇಲ್ಲ. ಕಳೆದ ಸುಗ್ಗಿಯದು ಸಾಮೆ, ಕೊರಲೆಯಂಥ ಸಿರಿಧಾನ್ಯದ ಹೆಚ್ಚುಕಡಿಮೆ 34 ಟನ್ ಕಾಳು. ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಪಾವಗಡ, ಕೊರಟಗೆರೆ ಕಡೆಯ 91 ರೈತರ ಮನೆಗಳದ್ದು. ಅಷ್ಟೂ ಇದೇ ಸೀಮೆಯ ಹೋಟೆಲು, ಹಾಸ್ಟೆಲ್ಲು, ಮದುವೆ ಅಡುಗೆಗಳಲ್ಲೇ ಖರ್ಚಾಯಿತು. ಒಂದು ಮೂಟೆಯೂ ಬೆಂಗಳೂರಿನ ಬಸ್ಸು ಹತ್ತಲಿಲ್ಲ.

2018ರಲ್ಲಿ ಬೆಳೆಯುವವರೆಲ್ಲ ಸೇರಿ ಸಂಘ ಶುರು ಮಾಡಿದಾಗ 41 ಜನ ಇದ್ದೆವು. ಸುಮಾರು 6 ಟನ್ ಸಾಮೆ ಒಟ್ಟುಮಾಡಿ, ಫೆಬ್ರವರಿಯಲ್ಲಿ ಒಂದೇ ಸಲಕ್ಕೆ ಸಿಪ್ಪೆ ಬಿಡಿಸಿ ಅಕ್ಕಿ ಮಾಡಿಸಿ, ಬಾಡಿಗೆ ಗೋದಾಮಿನಲ್ಲಿ ಪೇರಿಸಿದೆ. ಮೇ ತಿಂಗಳ ಹೊತ್ತಿಗೆ ಚೀಲ ಬಿಚ್ಚಿದರೆ ಕಮಟು ವಾಸನೆ. ತವುಡಿನ ಎಣ್ಣೆ ಅಂಶ ಕೆಟ್ಟಿತ್ತು, ಮೇಲೆ ಹುಳ ಬೇರೆ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿಗೆ ಕೊಟ್ಟಿದ್ದ 200 ಕೆಜಿಯೂ ವಾಪಸ್ ಬಂತು, ಎರಡು ಕಡೆಯ ವಾಹನ ಬಾಡಿಗೆ ನನ್ನ ತಲೆಗೆ. ಒಟ್ಟು ಲಕ್ಷದ ನಲವತ್ತು ಸಾವಿರ ಹೋಯಿತು. ಹೆಂಡತಿಯ ಎರಡು ಬಳೆ ಅಡವಿಟ್ಟು ರೈತರ ಬಾಕಿ ತೀರಿಸಿದೆ. ಅವತ್ತು ಬಾಕಿ ಉಳಿಸಿಕೊಂಡಿದ್ದರೆ ಈ ಬರಹವೂ ಇರುತ್ತಿರಲಿಲ್ಲ.

ಸಿಪ್ಪೆ ಇರುವ ಕಾಳು ವರ್ಷ ಕಳೆದರೂ ಕೆಡುವುದಿಲ್ಲ, ಕೆಡುವುದು ಅಕ್ಕಿ. ನಮ್ಮಜ್ಜಿಗೆ ಗೊತ್ತಿದ್ದ ಈ ಮಾತು ನನಗೆ ಅಷ್ಟು ದುಡ್ಡು ಕಳೆದ ಮೇಲೆ ತಲೆಗೆ ಹೋಯಿತು. ಗೋದಾಮು ಬಿಟ್ಟೆ. ಈಗ ಕಾಳು ಅವರವರ ಮನೆಯ ಅಟ್ಟದಲ್ಲೇ ಇರುತ್ತದೆ. ವಾರಕ್ಕೆ ಬೇಕಾದಷ್ಟು ಮಾತ್ರ ಪಾಳಿಯ ಪ್ರಕಾರ ಮಿಲ್ಲಿಗೆ ಬರುತ್ತದೆ. ದುಡ್ಡಿನ ಅವಸರ ಇದ್ದವರ ಪಾಳಿ ಮೊದಲು. ಕಾಯುವವರಿಗೆ ಎರಡು ತಿಂಗಳಿಗೆ ಕೆಜಿಗೆ ಒಂದು ರೂಪಾಯಿ ಜಾಸ್ತಿ. ಈ ಒಂದು ರೂಪಾಯಿಗೆ ಎಲ್ಲರೂ ನಕ್ಕಿದ್ದರು. ಈಗ ಕಾಯುತ್ತೇವೆ ಅನ್ನುವವರೇ ಹೆಚ್ಚು.

ಬೆಲೆ ಮಾತು ಯುಗಾದಿ ಹೊನ್ನಾರು, ಅಂದರೆ ವರ್ಷದ ಮೊದಲ ಉಳುಮೆ, ಆದ ವಾರದಲ್ಲೇ ಮುಗಿಯಬೇಕು. ಬಿತ್ತುವ ಮುಂಚೆ ಹೇಳಿದ ಬೆಲೆ ಕಣದಲ್ಲಿ ಬದಲಾಗಬಾರದು. ಒಬ್ಬ ಹಿರಿಯರು ಮೊದಲ ಸಭೆಯಲ್ಲೇ ಎದ್ದು ಕೇಳಿದ್ದರು: "ಮಂಡಿಯೋರು ಮುಂಗಡ ಕೊಡ್ತಾರೆ ಕಣಪ್ಪ, ನೀನೇನು ಕೊಡ್ತೀಯ?" ನನ್ನ ಹತ್ತಿರ ಉತ್ತರ ಇರಲಿಲ್ಲ. ರೈತ ಮಂಡಿಗೆ ಅಂಟಿಕೊಂಡಿರುವುದು ಬೆಲೆಗಲ್ಲ, ಆ ಮುಂಗಡಕ್ಕೆ. ಆಮೇಲೆ 63 ಮನೆಯವರು ತಲಾ 2,000 ಹಾಕಿದೆವು, 1,26,000 ಆಯಿತು. ಅದರಿಂದ ಮಿಲ್ಲಿಗೆ ಬಂದ ಕಾಳಿಗೆ 7 ದಿನದಲ್ಲಿ ದುಡ್ಡು. ಬೀಜ ಮಾತ್ರ ಸಾಲ, ಸೇರಿಗೆ ಒಂದೂವರೆ ಸೇರು ವಾಪಸ್. ಸಿರಿಧಾನ್ಯ ಬೆಳೆಯುವವರಿಗೆ ಸಹಾಯಧನ ಕೊಡುವ ಸರ್ಕಾರದ ರೈತಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ಬಂದವರಿಗೆ ಅನುಕೂಲವಾಯಿತು. ಆದರೆ ಅದನ್ನು ನಂಬಿ ಲೆಕ್ಕ ಹಾಕಲಿಲ್ಲ.

ಲೆಕ್ಕ ಹೀಗೆ. ಸಾಮೆ ಕ್ವಿಂಟಾಲಿಗೆ 3,800, ಮಿಲ್ಲಿನ ಕೂಲಿ 500, ಸಾಗಾಣಿಕೆ 250. ಅಕ್ಕಿ ಬರುವುದು 62 ಕೆಜಿ ಆಸುಪಾಸು. ಕೆಜಿಗೆ 73 ಬೀಳುತ್ತದೆ, ಹೋಟೆಲಿಗೆ 85ಕ್ಕೆ ಕೊಡುತ್ತೇವೆ. ಬೆಂಗಳೂರಲ್ಲಿ 120 ಸಿಗುತ್ತದಲ್ಲ ಎಂದು ಕೇಳುವವರು ಪ್ಯಾಕೆಟ್ಟು, ಅಂಗಡಿಯವರ ಪಾಲು, ವಾಪಸ್ ಬರುವ ಮಾಲು ಕಳೆದು ನೋಡಲಿ.

ಕೊರಲೆ ಮಾತ್ರ ಹಟಮಾರಿ. ಹುಣಸೆ ಮರದ ನೆರಳಲ್ಲೂ ಬೆಳೆಯುತ್ತದೆ, ಆದರೆ ಸಿಪ್ಪೆ ಬಿಡಿಸುವಾಗ ನುಚ್ಚೇ ಜಾಸ್ತಿ. ಯಂತ್ರದ ವೇಗ ಬದಲಿಸಿ ಬದಲಿಸಿ ಎರಡು ವರ್ಷ ಕಳೆದೆ. ತಪ್ಪು ಯಂತ್ರದಲ್ಲಿರಲಿಲ್ಲ, ಕಾಳನ್ನು ಒಣಗಿಸುವುದರಲ್ಲಿತ್ತು. ಎಷ್ಟು ಬಿಸಿಲು, ಎಷ್ಟು ಹೊತ್ತು ನೆರಳು ಎಂಬುದು ನಮ್ಮ ಮಿಲ್ಲಿನ ಗುಟ್ಟು, ಇಲ್ಲಿ ಬರೆಯುವುದಿಲ್ಲ. ನಮ್ಮಲ್ಲಿ ಬರುವಷ್ಟು ಇಡೀ ಅಕ್ಕಿ ಸುತ್ತಮುತ್ತ ಯಾರಿಗೂ ಬರುವುದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ.

ಬೆಳೆಯುವುದಕ್ಕಿಂತ ಕಷ್ಟವಾದದ್ದು ಅಡುಗೆಮನೆ. ಒಂದು ಹಾಸ್ಟೆಲಿಗೆ ನವಣೆ ಕೊಟ್ಟೆವು. ಭಟ್ಟರು ನೆನೆಸದೆ ಬೇಯಿಸಿದರು, ಮಕ್ಕಳು ತಟ್ಟೆ ಹಾಗೇ ಇಟ್ಟು ಎದ್ದರು. ಆರ್ಡರ್ ನಿಂತಿತು. ಆಮೇಲೆ ಸಂಘದ ಇಬ್ಬರು ಹೆಣ್ಣುಮಕ್ಕಳು ಮೂರು ದಿನ ಅಲ್ಲೇ ನಿಂತು ಅಡುಗೆ ಮಾಡಿ ತೋರಿಸಿದರು. ಮೊದಲ ತಿಂಗಳು ಭತ್ತದ ಅಕ್ಕಿಗೆ ಮೂರರಲ್ಲೊಂದು ಪಾಲು ನವಣೆ ಬೆರೆಸಿ ಬಿಸಿಬೇಳೆಬಾತ್, ಆಮೇಲೆ ಅರ್ಧಕ್ಕರ್ಧ. ಅಲ್ಲಿಂದ ಒಬ್ಬ ಭಟ್ಟರು ಇನ್ನೊಬ್ಬರಿಗೆ ಹೇಳಿದರು. ನಮ್ಮ ಅರ್ಧ ಗಿರಾಕಿಗಳು ಹಾಗೇ ಬಂದವರು. ಆ ಇಬ್ಬರಿಗೆ ದಿನಕ್ಕೆ 500ರಂತೆ ಕೊಟ್ಟದ್ದು, ನಾನು ಮಾಡಿದ ಖರ್ಚಿನಲ್ಲೆಲ್ಲ ಒಳ್ಳೆಯ ಖರ್ಚು.

ಮಧ್ಯೆ ಒಂದು ಪ್ರಯೋಗ. ಹೊಲದಲ್ಲಿ ಬಂದ ಬೆರಕೆ ಸೊಪ್ಪನ್ನು ಬೆಳಗಿನ ಬಸ್ಸಲ್ಲಿ ಶಿರಾಗೆ ಕಳಿಸಿದೆ. ಒದ್ದೆ ಗೋಣಿ ಸುತ್ತಿದರೂ ಬಾಡಿತು, ಎರಡು ವಾರಕ್ಕೇ ಬಿಟ್ಟೆ. ಆದರೆ ಮುಖ್ಯ ಬೆಳೆಯ ನಡುವೆ ಹಾಕುವ ಅಕ್ಕಡಿ ಸಾಲಿನ ಹುಚ್ಚೆಳ್ಳು ಕೈ ಹಿಡಿಯಿತು. ಚಟ್ನಿಪುಡಿ ತಿಂಗಳಿಗೆ 40 ಕೆಜಿ ಹೋಗುತ್ತದೆ, ಅದರ ಲಾಭವೆಲ್ಲ ಪುಡಿ ಕುಟ್ಟುವ ಹೆಣ್ಣುಮಕ್ಕಳದ್ದೇ.

2023 ಸಿರಿಧಾನ್ಯ ವರ್ಷ ಅಂತ ಎಲ್ಲ ಕಡೆ ಸದ್ದಾಯಿತಲ್ಲ, ಅವತ್ತು ಹೊರಗಿನ ವ್ಯಾಪಾರಿಗಳು ಹಳ್ಳಿಗೇ ಬಂದು ಕೆಜಿಗೆ ಮೂರು ರೂಪಾಯಿ ಜಾಸ್ತಿ ಕೊಟ್ಟರು. 20 ಮನೆ ನಮ್ಮನ್ನು ಬಿಟ್ಟವು. ಬೇಜಾರಾಯಿತು, ಆದರೆ ಜಗಳ ಮಾಡಲಿಲ್ಲ. ಉಳಿದವರು ಯಾರು ಎಂದು ನೋಡಿದರೆ, ಕಳೆ, ಕೊಯ್ಲಿಗೆ ಒಬ್ಬರ ಹೊಲಕ್ಕೊಬ್ಬರು ಮುಯ್ಯಾಳಾಗಿ ಹೋಗುವವರೇ. ಅಂದಿನಿಂದ ಹೊಸಬರನ್ನು ಒಬ್ಬೊಬ್ಬರಾಗಿ ಸೇರಿಸುವುದಿಲ್ಲ, ಮುಯ್ಯಿ ಕೂಟ ಕೂಟವಾಗಿಯೇ ಸೇರಿಸುತ್ತೇವೆ. ಬಿಟ್ಟವರಲ್ಲಿ 12 ಮನೆ ಮರುವರ್ಷ ತಿರುಗಿ ಬಂದವು. ಅವರ ಬೀಜದ ಬಾಕಿ ನಾನು ಕೇಳಲಿಲ್ಲ, ಅವರೇ ತಂದು ಅಳೆದರು.

ಈಗ ಪಾವಗಡದ ಗಡಿಯ ಎರಡು ತೆಲುಗು ಹಳ್ಳಿಯವರು ಸೇರುತ್ತೇವೆ ಅಂದಿದ್ದಾರೆ. ಅವರಿಗೆ ಬೇಕಾದದ್ದು ಕೊರಲೆ ಬೀಜ. ನಮ್ಮಲ್ಲಿ ಉಳಿದಿರುವುದು 140 ಸೇರು, ಜೂನ್ ಕೊನೆಯ ಆರಿದ್ರಾ ಮಳೆಯೊಳಗೆ ತಲುಪಿಸಬೇಕು.