ಮಡಚಿದ ಬಾಲ ಮತ್ತು ನಾನು ತಪ್ಪಾಗಿ ಹಾಕಿದ ಉಪ್ಪಿನ ಲೆಕ್ಕ

ಸೂಕ್ಷ್ಮದರ್ಶಕದಲ್ಲಿ ಕಾಣುತ್ತಿದ್ದ ಇಲಿಯ ವೀರ್ಯಾಣುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಹೇರ್‌ಪಿನ್ನಿನಂತೆ ಮಡಚಿಕೊಂಡಿದ್ದವು. ತಲೆ ಬಾಲದ ಮಗ್ಗುಲಿಗೆ ಒರಗಿತ್ತು, ಮಡಿಕೆಯೇ ಮುಂದಾಗಿ ತೆವಳುತ್ತಿತ್ತು. ಕ್ವಿನೀನ್ ಹಾಕಿದ ತಟ್ಟೆಯಲ್ಲಿ ಹೀಗೇ ಆಗಬೇಕೆಂದು ಕಾದಿದ್ದವಳು ನಾನು. ಆದರೆ ಆಗ ನೋಡುತ್ತಿದ್ದುದು ಕ್ವಿನೀನ್ ಹಾಕದ ತಟ್ಟೆಯನ್ನು.

ಮೊದಲು ಇಲಿಯ ಮೇಲೆ ಗುಮಾನಿ ಪಟ್ಟೆ. ಇನ್ನೊಂದು ಇಲಿಯದೂ ಹಾಗೆಯೇ ಇತ್ತು. ಹಿರಿಯ ತಂತ್ರಜ್ಞರೊಬ್ಬರು ಬಂದು ಬಗ್ಗಿ ನೋಡಿ, “ಉಪ್ಪು ಸರಿಯಾಗಿ ಹಾಕಿದ್ದೀಯೇನಮ್ಮಾ?” ಎಂದರು, ಸಾರಿನ ವಿಚಾರ ಕೇಳಿದ ಹಾಗೆ. ದ್ರಾವಣದಲ್ಲಿ ಕರಗಿದ ಕಣಗಳು ಎಷ್ಟಿವೆ ಎಂದು ಮಿಲಿಆಸ್ಮೋಲ್ ಲೆಕ್ಕದಲ್ಲಿ ಅಳೆಯುವ ಆಸ್ಮೋಮೀಟರಿನಲ್ಲಿ ಒಂದು ಹನಿ ಇಟ್ಟೆ. 300ರ ಆಸುಪಾಸು ಬರಬೇಕಾದ ಅಂಕಿ 238 ಎಂದು ಬಂತು. ಹತ್ತು ಪಟ್ಟು ಗಟ್ಟಿಯಾದ ಉಪ್ಪಿನ ದ್ರಾವಣವನ್ನು ತೆಳುಮಾಡುವಾಗ ನನ್ನ ಅಳತೆ ತಪ್ಪಿತ್ತು.

ಆ ತಪ್ಪಿನಿಂದಲೇ ನನಗೆ ವಿಷಯ ಹಿಡಿತಕ್ಕೆ ಸಿಕ್ಕಿತು. ವೃಷಣಕ್ಕೆ ಅಂಟಿಕೊಂಡ, ವೀರ್ಯಾಣು ಬಲಿಯುವ ನಾಳವಾದ ಎಪಿಡಿಡೈಮಿಸ್‌ನ ಕೊನೆಯ ಭಾಗದಲ್ಲಿ ಇಲಿಯ ವೀರ್ಯಾಣು ಕಾದು ಕುಳಿತಿರುವ ದ್ರವದ ಸಾಂದ್ರತೆ 400 ಮಿಲಿಆಸ್ಮೋಲ್ ದಾಟುತ್ತದೆ. ಹೆಣ್ಣಿಲಿಯ ಗರ್ಭಕೋಶದ ದ್ರವ ಅದಕ್ಕಿಂತ ಬಹಳ ತೆಳು. ಅಲ್ಲಿಗೆ ಬಿದ್ದ ಕೂಡಲೇ ನೀರು ಒಳನುಗ್ಗುತ್ತದೆ. ಆರೋಗ್ಯವಂತ ವೀರ್ಯಾಣು ತನ್ನ ಪೊರೆಯ ಅಯಾನು ಚಾನೆಲ್‌ಗಳನ್ನು, ಅಂದರೆ ಲವಣದ ಕಣಗಳು ದಾಟುವ ಪ್ರೋಟೀನಿನ ಬಾಗಿಲುಗಳನ್ನು ತೆರೆದು ಪೊಟ್ಯಾಸಿಯಮ್ಮನ್ನು ಹೊರಗೆ ಬಿಡುತ್ತದೆ; ಅದರ ಬೆನ್ನಿಗೆ ನೀರೂ ಹೊರಡುತ್ತದೆ. ಕ್ವಿನೀನ್ ಆ ಬಾಗಿಲುಗಳನ್ನು ಮುಚ್ಚುತ್ತದೆ. ನೀರು ಒಳಗೇ ಉಳಿದು, ಪೊರೆ ಉಬ್ಬಿ, ಅದರೊಳಗೆ ಬಾಲ ಮಡಚಿಕೊಳ್ಳುತ್ತದೆ. ನನ್ನ ದ್ರಾವಣವೋ ಬಾಗಿಲು ತೆರೆದಿದ್ದರೂ ನಿಭಾಯಿಸಲಾಗದಷ್ಟು ತೆಳುವಾಗಿತ್ತು.

ಈ ಕೆಲಸ ಮಾಡುವ ಪ್ರೋಟೀನ್ ಒಂದೇ ಅಲ್ಲ. ಸ್ಲೋ3 ಎಂಬ ಪೊಟ್ಯಾಸಿಯಂ ಚಾನೆಲ್ ಇಲ್ಲದ ಗಂಡಿಲಿಗಳಿಗೆ ಮರಿಗಳಾಗುವುದಿಲ್ಲವೆಂದು 2010-11ರಲ್ಲಿ ವರದಿಯಾಯಿತು; ಅವುಗಳ ವೀರ್ಯಾಣುಗಳಲ್ಲೂ ಇದೇ ಹೇರ್‌ಪಿನ್. ಮೂರು ಸೋಡಿಯಂ ಹೊರಗೆ ತಳ್ಳಿ ಎರಡು ಪೊಟ್ಯಾಸಿಯಂ ಒಳಗೆಳೆಯುವ ಪಂಪಿಗೆ ವೀರ್ಯಾಣುವಿನಲ್ಲಿ ಆಲ್ಫಾ4 ಎಂಬ ವಿಶೇಷ ರೂಪವಿದೆ. 2011ರಲ್ಲಿ ಅದನ್ನು ತೆಗೆದು ನೋಡಿದಾಗಲೂ ಚಲನೆ ಕುಸಿಯಿತು, ಬಾಲ ಬಾಗಿತು, ಗಂಡಿಲಿಗಳಿಗೆ ಮರಿಗಳಾಗಲಿಲ್ಲ.

ನನಗೆ ಇಂದಿಗೂ ಬೇಸರ ಬಾರದ ಪರೀಕ್ಷೆಯೊಂದಿದೆ. ಮಡಚಿದ ವೀರ್ಯಾಣುಗಳಿರುವ ಸ್ಲೈಡಿನ ಅಂಚಿನಿಂದ ಟ್ರೈಟಾನ್ ಮಾರ್ಜಕವನ್ನು ಒಂದಿಷ್ಟು ಹರಿಯಬಿಡುತ್ತೇನೆ. ಪೊರೆ ಕರಗುತ್ತಿದ್ದಂತೆ, ಅದುಮಿಟ್ಟ ಕಡ್ಡಿಯನ್ನು ಬಿಟ್ಟ ಹಾಗೆ ಬಾಲ ನೆಟ್ಟಗಾಗುತ್ತದೆ. ಜೀವ ಹೋಗಿದೆ, ಆಕಾರ ಮಾತ್ರ ಮರಳಿದೆ! ಅಂದರೆ ಬಾಲದೊಳಗಿನ ನಾರುಗಳಿಗೆ ಏನೂ ಆಗಿರಲಿಲ್ಲ, ಹಿಡಿದಿಟ್ಟಿದ್ದು ಉಬ್ಬಿದ ಪೊರೆ. ಪ್ರಯೋಗದ ಟಿಪ್ಪಣಿ ಪುಸ್ತಕದಲ್ಲಿ ಆ ದಿನ ‘ವಿರೂಪ’ ಎಂದು ಬರೆದಿದ್ದ ಪದವನ್ನು ಹೊಡೆದುಹಾಕಿದೆ. ಮಾರ್ಜಕ ಹಾಕಿದ ಮೇಲೂ ನೆಟ್ಟಗಾಗದವು ಕೆಲವಿರುತ್ತವೆ, ಅವುಗಳಿಗೆ ಬೇರೆ ಕಾಲಂ.

ಈಗ ದ್ರಾವಣದ ಪ್ರತಿ ಬಾಟಲಿಯನ್ನೂ ಅಳೆಯದೆ ಬಳಸುವುದಿಲ್ಲ, ಅಳೆಯುವ ಮೊದಲು 290 ಮಿಲಿಆಸ್ಮೋಲ್ ಎಂದು ಗೊತ್ತಿರುವ ಮಾದರಿಯಿಂದ ಯಂತ್ರವನ್ನು ಪರೀಕ್ಷಿಸುತ್ತೇನೆ. ತಟ್ಟೆ, ಸ್ಲೈಡು ಎಲ್ಲವೂ 37 ಡಿಗ್ರಿಯಲ್ಲಿರಬೇಕು. ಪಿಪೆಟ್ಟಿನ ತುದಿಯನ್ನು ಕತ್ತರಿಸಿ ಬಾಯಿ ಅಗಲ ಮಾಡಿಕೊಳ್ಳುತ್ತೇನೆ, ಕಿರಿದಾದ ತುದಿಯ ಸೆಳೆತವನ್ನು ಇಲಿಯ ವೀರ್ಯಾಣು ತಾಳುವುದಿಲ್ಲ. ಐದನೆಯ ನಿಮಿಷದಲ್ಲಿ ಒಂದು ಸಲ, ಅರವತ್ತನೆಯ ನಿಮಿಷದಲ್ಲಿ ಇನ್ನೊಂದು ಸಲ ಎಣಿಸುತ್ತೇನೆ. ಒಮ್ಮೆ ಮಾತ್ರ ಎಣಿಸಿದರೆ ಉಬ್ಬಿ ಸುಧಾರಿಸಿಕೊಂಡದ್ದು ಯಾವುದು, ಉಬ್ಬಿಯೇ ಉಳಿದದ್ದು ಯಾವುದು ಎಂದು ತಿಳಿಯುವುದಿಲ್ಲ.

ಚಲನೆ ಅಳೆಯುವ ಗಣಕಯಂತ್ರದ ಮೇಲೆ ನನಗಿರುವ ಮುನಿಸೂ ಇದೇ. ಅದು ತಲೆಯನ್ನಷ್ಟೇ ಹಿಂಬಾಲಿಸುತ್ತದೆ. ಮಡಚಿಕೊಂಡು ತೆವಳುವ ವೀರ್ಯಾಣುವನ್ನೂ ‘ಚಲಿಸುತ್ತಿದೆ’ ಎಂದೇ ಲೆಕ್ಕಕ್ಕೆ ಹಿಡಿಯುತ್ತದೆ. ಗರ್ಭಕೋಶದಿಂದ ಅಂಡನಾಳಕ್ಕೆ ದಾಟುವ ಕಿರಿದಾದ ಬಾಗಿಲು ಮಾತ್ರ ಅಂಥವನ್ನು ಒಳಗೆ ಬಿಡುವುದಿಲ್ಲ. ಹಾಗಾಗಿ ಯಂತ್ರ ತೋರಿಸಿದ ಅಂಕಿಯ ಪಕ್ಕದಲ್ಲಿ ಮಡಚಿದವುಗಳ ಸಂಖ್ಯೆಯನ್ನು ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ, ನಾನೇ ಕಣ್ಣಾರೆ ಎಣಿಸಿ.